ಎರವಲು ಹಂಡೆ

ಚೋಂದಕ್ಕನ ಹಂಡೆ ಅರವತ್ತು ಲೀಟರಿನದು,
ಮಡಿಕೇರಿಯ ಯಾವುದೋ ಹೋಟೆಲು ಮುಚ್ಚಿದಾಗ
ಹರಾಜಿನಲ್ಲಿ ಹಿಡಿದದ್ದು. ದಪ್ಪ ತಳದ ಸ್ಟೀಲು,
ಬುಡದಲ್ಲೊಂದು ನಲ್ಲಿ, ಕಿವಿ ಎರಡು,
ಒಂದು ಕಿವಿಗೆ ಹಳೇ ಬಟ್ಟೆ ಸುತ್ತಿದೆ.
ವರ್ಷಕ್ಕೆ ಮೂರು ಸಲ ಅದರಲ್ಲಿ
ನೆಲ್ಲಿ, ಶುಂಠಿ, ಪ್ಯಾಶನ್ ಫ್ರೂಟು ಕುದಿದು
ವೈನಾಗಿ ಅರ್ಧ ಗೋಣಿಕೊಪ್ಪಲಿಗೆ ಹಂಚಿಹೋಗುತ್ತದೆ.

ನಾನು ಕೇಳಿದ್ದು ಒಂದೇ ವಾರಕ್ಕೆ.
ಕುಶಾಲನಗರದಿಂದ ಬಾರ್ಲಿ ತಂದಿದ್ದೆ,
ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು
ಬಿಯರು ಮಾಡುತ್ತೇನೆಂದು ಹೊರಟಿದ್ದೆ.
ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಬೇರೆಯವರ ಪ್ರಯೋಗಕ್ಕೆ ಗಾಜು ತೊಳೆದವನು;
ಒಂದು ಪ್ರಯೋಗ ನನ್ನದೂ ಇರಲಿ ಎಂದು.

ಸೌಟು ಬಿಟ್ಟದ್ದು ಏಳೆಂಟು ನಿಮಿಷ.
ಫೋನಿನಲ್ಲಿ ಹಾಕಿ ಫೈನಲ್ಲು, ಪೆನಾಲ್ಟಿಗೆ ಬಂದಿತ್ತು,
ಎರಡೂ ಮನೆತನದವರು ನನಗೆ ಬೇಕಾದವರು.
ಗೋಲು ಕಣ್ಣಿಗೆ ಬೀಳುವ ಮೊದಲು
ಸೀದದ್ದು ಮೂಗಿಗೆ ಬಿತ್ತು.
ಬಿಯರು ಹೋಯಿತು ಕಾಫಿಗಿಡದ ಬುಡಕ್ಕೆ.
ತಳ ಉಳಿಯಿತು.

ಎಂಥ ತಳ! ಕಪ್ಪು, ಮಿರಮಿರ,
ಉಗುರಿಗೆ ಹೂಂ ಅನ್ನದ್ದು.
ಬೂದಿ ಹಾಕಿ ತಿಕ್ಕಿದೆ. ತೆಂಗಿನ ನಾರು ಸವೆಯಿತು.
ಬೇಲಿಯಾಚೆಯಿಂದ ಝುಬೈದಾ
"ತಂತಿ ಬ್ರಶ್ಶು ಹಾಕಿ ಎಳೀರಿ ಅಣ್ಣಾ" ಎಂದಳು.
ಎಳೆಯಲಿಲ್ಲ. ಸ್ಟೀಲನ್ನು ಗೀರುವುದೆಂದರೆ
ಕಲೆಗೆ ಮನೆ ಕಟ್ಟಿಕೊಟ್ಟ ಹಾಗೆ:
ಗೀರಿನೊಳಗೆ ಹೊಕ್ಕು ಕೂತದ್ದು ಮತ್ತೆ ಏಳುವುದಿಲ್ಲ.

ರಾತ್ರಿ ವಾಷಿಂಗ್ ಸೋಡಾ ಹಾಕಿ ಕುದಿಸಿಟ್ಟೆ.
ಬೆಳಗ್ಗೆ ಕಪ್ಪು, ಹಪ್ಪಳ ಹಪ್ಪಳವಾಗಿ ತೇಲುತ್ತಿತ್ತು.
ನನ್ನ ತಪ್ಪು ಅಲ್ಲಿಗೆ ಮುಗಿಯಿತು, ಆದರೆ
ಒಳಮೈಯಲ್ಲಿ ಇನ್ನೊಂದು ಉಳಿದಿತ್ತು:
ನಡುವಿನಿಂದ ನಾಲ್ಕು ಬೆರಳು ಮೇಲೆ, ಸುತ್ತಲೂ,
ಹಲ್ಲಿನ ಪಾಚಿಯಂತೆ ಒರಟಾದ ಬೂದುಗೆರೆ.
ಸೋಡಾಕ್ಕೆ ಜಗ್ಗಲಿಲ್ಲ.
ನನ್ನ ಕಲೆಯಲ್ಲ ಅದು, ನನಗಿಂತ ಮುಂಚಿನದು.
ಆದರೂ ಎರವಲು ತಂದದ್ದನ್ನು
ತಂದದ್ದಕ್ಕಿಂತ ಚೆನ್ನಾಗಿ ಮರಳಿಸುವ
ಅಹಂಕಾರ ಒಂದಿರುತ್ತದಲ್ಲ.

ಕ್ಷಾರಕ್ಕೆ ಬಗ್ಗದ್ದು ಹುಳಿಗೆ ಬಗ್ಗುತ್ತದೆ;
ಪಾಠ ಲ್ಯಾಬಿನದು, ಶೀಶೆ ಅಡುಗೆಮನೆಯದು.
ಕಾಚಂಪುಳಿ. ಪಂದಿಕರಿಗೆ ಕೊನೆಯಲ್ಲಿ
ಲೆಕ್ಕಮಾಡಿ ಬೀಳುವ ಆ ಕರೀ ರಸವನ್ನು
ಬಿಸಿನೀರಿಗೆ ಧಾರಾಳ ಸುರಿದು, ಬಟ್ಟೆ ಅದ್ದಿ
ಗೆರೆಯ ಮೇಲೆ ಹಚ್ಚಿಟ್ಟೆ,
ಜ್ವರದ ಹಣೆಗೆ ಹಚ್ಚಿದ ಹಾಗೆ.
ಹೆಂಡತಿ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು,
ಏನೂ ಹೇಳಲಿಲ್ಲ.
ಸಂಜೆ ಹೆಬ್ಬೆರಳಲ್ಲಿ ಒರೆಸಿದರೆ ಗೆರೆ
ಸುಣ್ಣದ ಹುಡಿಯಾಗಿ ಬಂತು.
ಮೂರು ನೀರಲ್ಲಿ ತೊಳೆದು ಬೋರಲು ಹಾಕಿದೆ.
ಮಾರನೆ ದಿನ ಎತ್ತಿದಾಗ ತಳದಲ್ಲಿ
ನನ್ನ ಮುಖ ಇತ್ತು, ಅಗಲವಾಗಿ.

ಚೋಂದಕ್ಕ ಹಂಡೆಗೆ ಬಗ್ಗಿದಳು.
ಕತ್ತಲಲ್ಲಿ ಸ್ವಿಚ್ಚು ಹುಡುಕುವ ಕೈಯಂತೆ
ಅವಳ ಕೈ ಒಳಗೋಡೆಯ ಸುತ್ತ ಹೋಯಿತು.
"ಇಲ್ಲೊಂದು ಗೆರೆ ಇತ್ತು."
"ತೆಗೆದೆ" ಎಂದೆ, ಪದಕಕ್ಕೆ ಕೊರಳೊಡ್ಡಿದವನಂತೆ.
"ಅಲ್ಲೀತನಕ ನೀರು ಹೊಯ್ಯೋದು ನಾನು.
ಹದಿನೆಂಟು ವರ್ಷ. ಸಕ್ಕರೆಯೂ ಅದರ ಲೆಕ್ಕಕ್ಕೇ."

ಬೈಯಲಿಲ್ಲ. ಲೀಟರಿನ ಚೊಂಬು ತಂದಿಟ್ಟಳು.
ನಾನು ಹೊಯ್ದೆ, ಅವಳು ಕಣ್ಣು ಕಿರಿದು ಮಾಡಿ ನಿಂತಳು:
ಮೂವತ್ತೆಂಟಕ್ಕೆ "ಇನ್ನೂ",
ನಲವತ್ತೊಂದಕ್ಕೆ "ಸಾಕೇನೋ",
ನಲವತ್ತೆರಡಕ್ಕೆ ಇಬ್ಬರೂ ಸುಮ್ಮನಾದೆವು.
ಮೊಳೆಯಲ್ಲಿ ಗುರುತು ಮಾಡಲೇ ಎಂದೆ.
"ಬೇಡ. ಅದಾಗಿ ಬಂದದ್ದು, ಅದಾಗೇ ಬರಲಿ."

ಈಗ ಅವಳು ಒಲೆ ಹೊತ್ತಿಸಿದ ಮಾರನೆ ದಿನ
ಏನಾದರೂ ನೆಪ ಹುಡುಕಿ ಹೋಗಿ ಬಗ್ಗಿ ನೋಡುತ್ತೇನೆ.
ಮೂರನೆಯ ಕುದಿಗೆ, ಕನ್ನಡಕದ ಮೇಲಿನ ಉಸಿರಿನಷ್ಟು ತೆಳ್ಳಗೆ
ಏನೋ ಕಟ್ಟಿಕೊಂಡಿತ್ತು.
ಮೊದಲಿನದಕ್ಕಿಂತ ಅರ್ಧ ಬೆರಳು ಕೆಳಗೆ ಎಂದು ನನ್ನ ಅನುಮಾನ.
ಅವಳಿಗೆ ಹೇಳಿಲ್ಲ.
ಆ ಸಲದ ನೆಲ್ಲಿ ವೈನು ಕೊಂಚ ಸಿಹಿ ಹೆಚ್ಚು.
ಯಾರೂ ದೂರಲಿಲ್ಲ.